ಗಾಳಿಯಲ್ಲಿ ಪಂಚಮ ಎಲ್ಲಿದೆ

ಫ್ಯಾನ್ ಬಂದ್ ಮಾಡಿ. ಮೊದಲು ಅದು. ಕೈಗಡಿಯಾರ ಬಿಚ್ಚಿ ಗೂಡಿನಲ್ಲಿಡಿ, ಮೊಬೈಲನ್ನು ಒಳಕೋಣೆಗೆ ಕಳಿಸಿ, ಜಮಖಾನೆಯ ತುದಿಗೆ ಬಂದು ಕೂತ ಹುಡುಗನಿಗೆ ಇನ್ನೆರಡು ಮೊಳ ಹಿಂದೆ ಸರಿಯಲು ಹೇಳಿ. ಅವನು ಸರಿಯುವುದಿಲ್ಲ. ಇರಲಿ.

ನೀವು ಕುಡಚಿಯಲ್ಲಿದ್ದೀರಿ, ಹೊಳೆ ಕಡೆಯ ಓಣಿಯೊಂದರ ಮನೆಯ ಪಡಸಾಲೆಯಲ್ಲಿ. ಡಿಸೆಂಬರ್ ಮೊದಲ ವಾರದ ಸಂಜೆ. ಆಚೆ ದಂಡೆಯಲ್ಲಿ ಉಗಾರದ ಸಕ್ಕರೆ ಕಾರ್ಖಾನೆ ಕಬ್ಬು ನುರಿಸುತ್ತಿದೆ. ಗಾಳಿ ಈ ಕಡೆ ತಿರುಗಿದಾಗಲೆಲ್ಲ ಕಾಕಂಬಿಯ ವಾಸನೆ ಒಳಗೆ ಬರುತ್ತದೆ, ಅರ್ಧ ಸಿಹಿ, ಅರ್ಧ ಹುಳಿತ ವಾಸನೆ. ಅದು ಗಂಟಲಿನ ಹಿಂಭಾಗಕ್ಕೆ ಅಂಟಿಕೊಳ್ಳುತ್ತದೆ. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ ಇದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮನೆಯೊಳಗೆ ಬಂದು ನಿಂತ ಗುರುತು ಅದು. ಎಷ್ಟು ಸುಣ್ಣ ಹೊಡೆದರೂ ಮತ್ತೆ ಮೇಲೆದ್ದು ಬರುತ್ತದೆ.

ನಿಮ್ಮ ಎದುರಿಗೆ ಕಟ್ಟಿಗೆಯ ಸ್ಟೂಲು, ಅದರ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಪ್ಲೈವುಡ್ ಪೆಟ್ಟಿಗೆ. ಪೆಟ್ಟಿಗೆಯ ಬಲಕ್ಕೆ ನೆಟ್ಟಗೆ ನಿಂತ ಲೋಹದ ಸರಳು, ಎಡಕ್ಕೆ ಅಡ್ಡ ಚಾಚಿದ ಬಳೆ. ತಂತಿಯಿಲ್ಲ, ಮನೆಯಿಲ್ಲ, ತೂತಿಲ್ಲ, ಚರ್ಮವಿಲ್ಲ. ಇದು ಥೆರೆಮಿನ್. ಮುಟ್ಟಿದರೆ ಕೆಡುವ ವಾದ್ಯ.

ಎಡ ಅಂಗೈ ಬಳೆಗೆ ತಾಗಿತೋ ಎಂಬಷ್ಟು ಹತ್ತಿರ ಇಡಿ. ಕೈ ಅಲ್ಲಿರುವ ತನಕ ಮೌನ. ಬಲಗೈ ಭುಜದ ಹತ್ತಿರ, ಹೆಬ್ಬೆರಳು ತೋರುಬೆರಳು ಕೂಡಿಸಿ, ಉಪ್ಪಿನ ಚಿಟಿಕೆ ಹಿಡಿದಂತೆ. ಈಗ ಎಡಗೈಯನ್ನು ನಿಧಾನ ಮೇಲೆತ್ತಿ.

ಮೊದಲು ಬರುವುದು ಸ್ವರವಲ್ಲ. ದೂರದ ಹೊಲದಲ್ಲಿ ತಗ್ಗಿಗೆ ಸಿಕ್ಕಿಕೊಂಡ ಟ್ರ್ಯಾಕ್ಟರಿನ ಗುರುಗುರು. ಬಲಗೈ ಸರಳಿನ ಕಡೆ ಹೊರಟಂತೆ ಅದು ಕರುವಿನ ಕೂಗಾಗುತ್ತದೆ, ಬಾಯಿ ಮುಚ್ಚಿ ಹಾಡುವ ಹೆಂಗಸಿನ ದನಿಯಾಗುತ್ತದೆ, ಇನ್ನೂ ಹತ್ತಿರ ಹೋದರೆ ಕುಕ್ಕರಿನ ಸೀಟಿ. ನಡುವೆ ಎಲ್ಲೂ ಮೆಟ್ಟಿಲಿಲ್ಲ. ನೀವು ಗಾಬರಿಯಾಗಿ ಉಸಿರು ಎಳೆದುಕೊಳ್ಳುತ್ತೀರಿ, ಎದೆ ಉಬ್ಬಿದ್ದಕ್ಕೇ ದನಿ ಮೇಲೆ ಜಾರುತ್ತದೆ.

"ಯಪ್ಪಾ! ದೆವ್ವ ಹಾಡಾಕತ್ತೈತಿ," ಎನ್ನುತ್ತಾನೆ ಹುಡುಗ. ಅಂದವನು ನೋಡಲು ಮೊಣಕಾಲ ಮೇಲೆ ಮುಂದೆ ಬರುತ್ತಾನೆ. ನಿಮ್ಮ ಕೈ ಕದಲಿಲ್ಲ, ಆದರೂ ಸ್ವರ ಕದಲಿತು. ಅವನ ಮೈಯನ್ನೂ ಪೆಟ್ಟಿಗೆ ಲೆಕ್ಕಕ್ಕೆ ಹಿಡಿದಿದೆ.

ಹಳೆಯ ರೇಡಿಯೋದಲ್ಲಿ ಧಾರವಾಡ ಕೇಂದ್ರ ಹಚ್ಚಲು ಹೋದವರಿಗೆ ಈ ದನಿಯ ಅಪ್ಪ ಯಾರೆಂದು ಗೊತ್ತು. ಮುಳ್ಳನ್ನು 765 ಕಿಲೋಹರ್ಟ್ಸ್ ಹತ್ತಿರ ತರುವಾಗ ನಡುವೆ ಇನ್ಯಾವುದೋ ಕೇಂದ್ರ ಅಡ್ಡ ಬಂದು "ಕುಂಯ್ಯ್" ಎಂದು ಕೂಗುತ್ತಿತ್ತಲ್ಲ, ಅದೇ. ಎರಡು ಕಂಪನಗಳು, ಎರಡೂ ಕಿವಿಗೆ ಎಟುಕದಷ್ಟು ಮೇಲೆ, ಒಂದಕ್ಕೊಂದು ತಿಕ್ಕಿದಾಗ ನಡುವಿನ ವ್ಯತ್ಯಾಸ ಮಾತ್ರ ಕಿವಿಗೆ ಬೀಳುತ್ತದೆ. ಪೆಟ್ಟಿಗೆಯೊಳಗೆ ಒಂದು ಕಂಪನ ಸೆಕೆಂಡಿಗೆ ಐದು ಲಕ್ಷ ಸಲ ಎಂದಿಟ್ಟುಕೊಳ್ಳಿ, ಇನ್ನೊಂದು 4,99,560. ನಿಮಗೆ ಕೇಳುವುದು ಉಳಿದ 440. ಆ ಎರಡನೆಯದನ್ನು ಹಿಗ್ಗಿಸಿ ಕುಗ್ಗಿಸುವುದು ಸರಳಿಗೂ ನಿಮ್ಮ ಕೈಗೂ ನಡುವಿನ ಗಾಳಿ. ಒಂದು ಕಡೆ ಲೋಹ, ಇನ್ನೊಂದು ಕಡೆ ನೀರು ತುಂಬಿದ ನಿಮ್ಮ ಮೈ, ನಡುವೆ ಕಾಲು ಗಜ ಖಾಲಿ ಜಾಗ. ಕೆಪಾಸಿಟರ್‌ನ ಒಂದು ತಗಡು ನೀವೇ.

ಇದು ಹುಟ್ಟಿದ್ದೂ ಅಡ್ಡದಾರಿಯಲ್ಲಿ. 1920ರಲ್ಲಿ ಪೆಟ್ರೋಗ್ರಾಡ್‌ನ ಪ್ರಯೋಗಾಲಯದಲ್ಲಿ ಲೆವ್ ತೆರ್ಮೆನ್ ಎಂಬ ಯುವಕ ಅನಿಲಗಳ ವಿದ್ಯುತ್ ಗುಣ ಅಳೆಯಲು ಉಪಕರಣ ಕಟ್ಟಿದ್ದ. ಅದಕ್ಕೆ ಹಚ್ಚಿದ್ದ ಸೀಟಿ ಅವನ ಕೈ ಹತ್ತಿರ ಬಂದರೆ ಏರುತ್ತಿತ್ತು, ದೂರ ಹೋದರೆ ಇಳಿಯುತ್ತಿತ್ತು. ಬೇರೆಯವನಾಗಿದ್ದರೆ ಯಂತ್ರ ಕೆಟ್ಟಿದೆ ಎಂದು ಬಿಚ್ಚಿ ಕೂಡುತ್ತಿದ್ದ. ಇವನು ಚೆಲ್ಲೊ ಕಲಿತವನು, ಕೈ ಆಡಿಸಿ ರಾಗ ಹುಡುಕಿದ. 1922ರಲ್ಲಿ ಲೆನಿನ್ ಎದುರು ನುಡಿಸಿ ತೋರಿಸಿದ.

*

ಆರು ತಿಂಗಳ ಹಿಂದೆ ನೀವು ಇದನ್ನು ಆರಿಸಿದಿರಿ. ಆರಿಸುವುದೇ ಒಂದು ಭಯ, ಏಕೆಂದರೆ ಕುಡಚಿಯಲ್ಲಿ ನಿಂತು ಕೇಳಿ ನೋಡಲು ಒಂದೂ ಅಂಗಡಿಯಿಲ್ಲ. ಮಿರಜದಲ್ಲಿ ಸಿತಾರ್ ಸಿಗುತ್ತದೆ, ತಂಬೂರಿ ಸಿಗುತ್ತದೆ, ದಿಲ್‌ರುಬಾ ಕೂಡ ಸಿಗುತ್ತದೆ. ಥೆರೆಮಿನ್ ಎಂದರೆ ಅಂಗಡಿಯವ "ಅದು ಗುಳಿಗಿಯೇನ್ರೀ?" ಎಂದು ಕೇಳುತ್ತಾನೆ.

ತುದಿಯಲ್ಲಿರುವುದು ಮೂಗ್ ಕಂಪನಿಯ ಈಥರ್‌ವೇವ್. ರಾಬರ್ಟ್ ಮೂಗ್ ಸಿಂಥಸೈಜರಿಗೆ ಹೆಸರಾಗುವ ಮೊದಲು, 1954ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, ಥೆರೆಮಿನ್ ಕಟ್ಟಿ ಮಾರಲು ಶುರು ಮಾಡಿದವ. ಕೈ ನಡೆ ಅಳೆದಂತೆ ಸ್ವರ ಬರುವ ಪೆಟ್ಟಿಗೆ ಅದು. ಹಡಗಿನ ಬಾಡಿಗೆ, ಸುಂಕ ಎಲ್ಲ ಕೂಡಿಸಿದರೆ ಈ ಸೀಮೆಯಲ್ಲಿ ಹಾಲು ಕರೆಯುವ ಪಂಢರಪುರಿ ಎಮ್ಮೆಯೊಂದು ಬಂದೀತು. ಎಮ್ಮೆಯ ಕಡೆಗೇ ಮನೆಯವರ ವೋಟು.

ಕೆಳ ತುದಿಯಲ್ಲಿ ಆಟಿಕೆಗಳಿವೆ. ಅಂಗೈಯಗಲದ ಬೋರ್ಡು, ಒಂದೇ ಸರಳು, ಒಂಬತ್ತು ವೋಲ್ಟಿನ ಬ್ಯಾಟರಿ, ಬಾಲವಿಜ್ಞಾನದ ಪಾಠಕ್ಕೆ ತಕ್ಕದ್ದು. ಗದ್ದಲವೇ ಬೇಕು, ಕೂಗು ಕಿರುಚಾಟವನ್ನು ಧ್ವನಿಮುದ್ರಿಸಿ ಕತ್ತರಿಸಿ ಜೋಡಿಸುವುದೇ ನಿಮ್ಮ ಪ್ರಯೋಗ ಎಂದಾದರೆ ಅದೇ ಸಾಕು, ನಾನು ತಡೆಯುವುದಿಲ್ಲ. ಆದರೆ ಅದರಲ್ಲಿ ಮಂದ್ರದಿಂದ ತಾರದ ತನಕ ಪೂರ್ತಿ ಸ್ವರಲೋಕ ಸರಳಿನಿಂದ ನಾಲ್ಕು ಬೆರಳಗಲದಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ಬಳೆಯೂ ಇಲ್ಲದ್ದರಿಂದ ದನಿಯನ್ನು ನಿಲ್ಲಿಸುವ ದಾರಿ ಒಂದೇ, ಸ್ವಿಚ್ಚು. ಇನ್ನು ಥೆರೆಮಿನ್ ಎಂದು ಹೇಳಿ ಮಾರುವ ಬೆಳಕಿನ ಸೆನ್ಸರ್ ಪೆಟ್ಟಿಗೆಗಳಿವೆ. ಅವು ನಿಮ್ಮ ಕೈಯನ್ನಲ್ಲ, ಕೈಯ ನೆರಳನ್ನು ಓದುತ್ತವೆ. ಮೋಡ ಬಂದರೂ ಹಾಡುತ್ತವೆ.

ನಡುವೆ ಮೂಗ್‌ನದೇ ಥೆರೆಮಿನಿ ಇದೆ, 2014ರಲ್ಲಿ ಬಂದದ್ದು. ಅದರಲ್ಲೊಂದು ತಿರುಗಣೆ. ತಿರುಗಿಸಿದರೆ ನಿಮ್ಮ ತಪ್ಪು ಸ್ವರವನ್ನು ಯಂತ್ರವೇ ಎಳೆದು ಹತ್ತಿರದ ಸರಿ ಸ್ವರಕ್ಕೆ ಕೂಡಿಸುತ್ತದೆ. ಇಲ್ಲಿ ನೀವು ಬಹಳ ಹೊತ್ತು ನಿಂತಿರಿ. ಆಸೆಯಾಯಿತು. ಆದರೆ ಯಾರು ಬರೆದ ಸರಿ ಸ್ವರ? ಹನ್ನೆರಡು ಸಮ ಭಾಗ ಮಾಡಿದ ಪಿಯಾನೋದ ಸರಿ. ತೋಡಿಯ ಗಾಂಧಾರ ಅದರೊಳಗೆ ಹಿಡಿಯುವುದಿಲ್ಲ, ಭೈರವದಲ್ಲಿ ತೂಗಾಡುವ ರಿಷಭವೂ ಇಲ್ಲ. ಇದೇ ಕಾರಣಕ್ಕೆ ಆಕಾಶವಾಣಿ 1940ರಿಂದ ಮೂವತ್ತು ವರ್ಷ ಹಾರ್ಮೋನಿಯಮ್ಮನ್ನು ಹೊರಗೆ ನಿಲ್ಲಿಸಿತ್ತು. ಮುಟ್ಟದ ವಾದ್ಯ ತಂದು ಅದಕ್ಕೆ ಮತ್ತೆ ಮನೆ ಕಟ್ಟಿಸುವುದು ಯಾವ ಶಾಣ್ಯಾತನ?

ಕೊನೆಗೆ ನಿಮ್ಮ ಕೈ ನಿಂತದ್ದು ಓಪನ್ ಥೆರೆಮಿನ್ ಮೇಲೆ. ಸ್ವಿಟ್ಜರ್ಲೆಂಡಿನ ಉರ್ಸ್ ಗೌಡೆಂಟ್ಸ್ ರೂಪಿಸಿದ್ದು. ಅದರ ನಕ್ಷೆಯನ್ನು ಬಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾನೆ. ಬೋರ್ಡು ತರಿಸಿ, ಸರಳನ್ನೂ ಬಳೆಯನ್ನೂ ಊರಲ್ಲೇ ಬಗ್ಗಿಸಿ, ಪೆಟ್ಟಿಗೆಯನ್ನು ಬಡಿಗರ ಕೈಯಲ್ಲಿ ಮಾಡಿಸಿದರೆ ಎಮ್ಮೆ ಹಟ್ಟಿಯಲ್ಲೇ ಉಳಿಯುತ್ತದೆ. ಎರಡೂ ಕೈಗೆ ಕೆಲಸ ಇದೆ, ಮೊಳದಷ್ಟು ಅಗಲದ ಸ್ವರಲೋಕ ಇದೆ, ತಿದ್ದುವ ತಿರುಗಣೆ ಇಲ್ಲ.

ಮೊದಲ ದಿನ ಅದನ್ನು ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದಾಗ ಆದದ್ದು ಬೆರಳಿಗೆ ಇನ್ನೂ ನೆನಪಿದೆ. ಎರಡೇ ಕಾಲಿನ ಪಿನ್ನು, ಅರ್ಥಿಂಗ್ ಇಲ್ಲ. ಸ್ವರದ ಅಡಿಯಲ್ಲಿ ಜೇನುಗೂಡು ಎದ್ದಂತೆ ಝುಂಯ್ ಎನ್ನುವ ಗುನುಗು. ಬರಿಗಾಲಲ್ಲಿ ನಿಂತು ಕೇಬಲ್ಲಿನ ಲೋಹ ಮುಟ್ಟಿದಿರಿ, ಇರುವೆ ಸಾಲು ಮೊಣಕೈ ತನಕ ಓಡಿತು. ಜೀವ ತೆಗೆಯುವಂಥದ್ದಲ್ಲ. ಆದರೂ ಎದೆಯ ಬಡಿತ ತಹಬಂದಿಗೆ ಬರಲು ಒಂದು ಚಹಾ ಬೇಕಾಯಿತು. ಅಂದಿನಿಂದ ಪೆಟ್ಟಿಗೆಗೆ ಅನ್ನ ಹಾಕುವುದು ಪವರ್ ಬ್ಯಾಂಕು, ಐದೇ ವೋಲ್ಟು. ನೆಲದ ಸಂಬಂಧಕ್ಕೆ ಆಂಪ್ಲಿಫೈಯರಿನ ದಪ್ಪ ಮೂರು ಕಾಲಿನ ಪಿನ್ನು. ದನಿ ಒಯ್ಯುವ ತಂತಿಯ ಹೊರಗವಚವೇ ಪೆಟ್ಟಿಗೆಯನ್ನು ಭೂಮಿಗೆ ಕಟ್ಟಿಹಾಕುತ್ತದೆ. ಈ ತಂತಿಯನ್ನು ನೆನಪಿಟ್ಟುಕೊಳ್ಳಿ, ರಾತ್ರಿ ಬೇಕಾಗುತ್ತದೆ.

*

ಆಮೇಲೆ ಕೈ ತಿದ್ದಿದ್ದು. ಅದಕ್ಕೆ ತಂಬೂರಿ ಬೇಕಾಯಿತು.

ಕುಡಚಿ ಸ್ಟೇಷನ್ನಿನಲ್ಲಿ ಹತ್ತಿದರೆ ಗಾಡಿ ಹೊಳೆ ದಾಟಿ ಉಗಾರ, ಶೇಡಬಾಳ, ವಿಜಯನಗರ ಮುಗಿಸಿ ಮಿರಜ. ಕುಂಬಳಬುರುಡೆ ಸುಲಿಯುವ, ಅರಗು ಕಾಯಿಸುವ, ಕಟ್ಟಿಗೆ ಉಜ್ಜುವ ವಾಸನೆಯ ಓಣಿ. ಹಿಂದೆ ಕತ್ತಿ ಕಠಾರಿ ಸಾಣೆ ಹಿಡಿಯುತ್ತಿದ್ದ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸಿತಾರಿಗೆ ಹೊರಳಿಕೊಂಡವು. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿಂದ ಕೈ ಬದಲಾಯಿಸಿದ ಹಳೆಯ ತಂಬೂರಿಯೊಂದನ್ನು ಕೌದಿಯಲ್ಲಿ ಸುತ್ತಿ, ಗಾಡಿಯಲ್ಲಿ ತೊಡೆಯ ಮೇಲೆ ಕೂಸಿನಂತೆ ಹಿಡಿದು ತಂದಿರಿ. ಸುತ್ತ ಕೂತವರು ಬುರುಡೆಗೆ ಪೆಟ್ಟಾಗದಂತೆ ತಮ್ಮ ಕಾಲು ಮಡಿಚಿಕೊಂಡರು.

ಎಲೆಕ್ಟ್ರಾನಿಕ್ ತಂಬೂರಿ ಇತ್ತಲ್ಲ, ಬೆಂಗಳೂರಿನ ರಾಡೆಲ್ ದೇಶದ ಪ್ರತಿ ಹಾಡುಗಾರರ ಮನೆಗೂ ಮುಟ್ಟಿಸಿದ್ದು? ಇತ್ತು. ಆದರೆ ಒಂದು ಪೆಟ್ಟಿಗೆಯನ್ನು ಇನ್ನೊಂದು ಪೆಟ್ಟಿಗೆಯ ಜೊತೆ ಕೂಡಿಸಲು ಮನಸ್ಸು ಒಪ್ಪಲಿಲ್ಲ. ಇದು ಹಟವೇ ಹೊರತು ವಿಚಾರವಲ್ಲ, ಒಪ್ಪುತ್ತೇನೆ.

ತಂಬೂರಿ ಪ-ಸ-ಸ-ಸ ಎನ್ನುತ್ತದೆ. ನೀವು ಷಡ್ಜ ಹಿಡಿಯಲು ಹೋಗುತ್ತೀರಿ, ಸಿಗುತ್ತದೆ. ಅಲ್ಲಿಂದ ಪಂಚಮಕ್ಕೆ ಕೈ ಚಾಚುತ್ತೀರಿ, ದಾಟಿ ಹೋಗುತ್ತದೆ. ಹಿಂದೆ ಬರುತ್ತೀರಿ, ಈಗ ಕಡಿಮೆ. ಸಿಕ್ಕಿತು ಎನ್ನುವಷ್ಟರಲ್ಲಿ ಭಾರವನ್ನು ಹಿಮ್ಮಡಿಯಿಂದ ಮುಂಗಾಲಿಗೆ ಹಾಕಿದಿರಿ, ಹೋಯಿತು. ಪಿಟೀಲಿನಲ್ಲಿ ಕನಿಷ್ಠ ಬೆರಳಿಗೆ ತಂತಿ ತಾಗುತ್ತದೆ, ಗಾಯಕನಿಗೆ ಗಂಟಲಿನೊಳಗೆ ಒಂದು ಬಿಗಿ ತಿಳಿಯುತ್ತದೆ. ಇಲ್ಲಿ ತಾಗಲು ಏನೂ ಇಲ್ಲ. ಕಿವಿ ಒಂದೇ ಕಣ್ಣು. ಹದಿನೈದು ನಿಮಿಷಕ್ಕೆ ಬಲ ಭುಜ ಉರಿಯುತ್ತದೆ, ಅರ್ಧ ತಾಸಿಗೆ ಕುತ್ತಿಗೆಯ ನರ ಎಳೆಯುತ್ತದೆ. ಅಲುಗಾಡದೆ ನಿಲ್ಲುವುದು ಇಷ್ಟು ದುಡಿಮೆ ಎಂದು ಕಬ್ಬು ಕಡಿದವರಿಗೂ ಗೊತ್ತಿರಲಿಕ್ಕಿಲ್ಲ. ಕೈ ಹೇಳಿಕೊಟ್ಟ ದೊಡ್ಡಾಕೆ ಕ್ಲಾರಾ ರಾಕ್‌ಮೋರ್, ಪಿಟೀಲು ಬಿಟ್ಟು ಇದಕ್ಕೆ ಬಂದವಳು, ಕಲ್ಲಿನಂತೆ ನಿಂತು ಬೆರಳುಗಳನ್ನಷ್ಟೇ ಗಾಳಿಯಲ್ಲಿ ಬಿಚ್ಚಿ ಮಡಿಚುತ್ತಿದ್ದಳು. ಮೊಳಕೈ ಆಡಿಸಿದರೆ ಜಾರು, ಬೆರಳು ಬಿಚ್ಚಿದರೆ ಸ್ವರ.

ಒಂದು ಸುಲಭ ಮೋಸವಿದೆ, ಹೇಳಿಬಿಡುತ್ತೇನೆ. ಸ್ವರ ಸಿಗದಿದ್ದರೆ ಕೈ ನಡುಗಿಸಿ. ನಡುಗುವ ದನಿ ಎಲ್ಲೋ ನಡುವೆ ಸರಿ ಇದ್ದೇ ಇರುತ್ತದೆ, ಕೇಳುವವರು ಭಾವುಕರಾಗುತ್ತಾರೆ. ಬೇಸುರಿಗೆ ಹಚ್ಚಿದ ಪೌಡರು ಅದು. ಪೇಟೆಯಲ್ಲಿ ಸಿಗುವ ಥೆರೆಮಿನ್ ವಾದನದಲ್ಲಿ ಬಹುಪಾಲು ಪೌಡರೇ. 1929ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಇದನ್ನು 175 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಾಗ, ಸೀಟಿ ಹೊಡೆಯಬಲ್ಲವರೆಲ್ಲ ನುಡಿಸಬಹುದು ಎಂದು ಜಾಹೀರಾತು ಮಾಡಿತ್ತು. ಕಟ್ಟಿದ್ದು ಐದುನೂರರ ಆಸುಪಾಸು. ಕೊಂಡವರು ಮನೆಗೊಯ್ದು ಸೀಟಿ ಹೊಡೆದು ನೋಡಿ ಅಟ್ಟಕ್ಕೆ ಹಾಕಿದರು.

ಪೌಡರಿಲ್ಲದೆ ನಿಲ್ಲುವುದನ್ನು ಕಲಿಯಲು ದೂರ ಹೋಗಬೇಕಿಲ್ಲ. ಮಿರಜದ ದರ್ಗಾದ ಆವರಣದಲ್ಲೇ ಮಲಗಿದ್ದಾರೆ ಅಬ್ದುಲ್ ಕರೀಂ ಖಾನರು, ಒಂದೊಂದೇ ಸ್ವರದ ಮೇಲೆ ಮನೆ ಮಾಡಿದವರು. ಅವರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅಲ್ಲಿಂದ ಗಂಗೂಬಾಯಿ, ಭೀಮಸೇನರಿಗೆ ಆ ನಿಲುಗಡೆ ಇಳಿದು ಬಂತು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಖಾನರಿಂದ ಹಾಡಿಸಿ, ತಂತಿ ಅಳೆದು, ಇಪ್ಪತ್ತೆರಡು ಶ್ರುತಿಗಳ ಲೆಕ್ಕವನ್ನು 1910ರಲ್ಲಿ ಅಚ್ಚು ಹಾಕಿಸಿದರು. ತೆರ್ಮೆನ್‌ಗೆ ಆಗ ಹದಿನಾಲ್ಕು ವರ್ಷ. ಮೆಟ್ಟಿಲಿಲ್ಲದ ಸ್ವರವನ್ನು ಅಳೆಯುವ ಹುಚ್ಚು ಹೊಳೆಯ ಈ ಸೀಮೆಗೆ ಹೊಸದಲ್ಲ.

*

ಈಗ ಪಡಸಾಲೆಗೆ ಬನ್ನಿ. ಹತ್ತು ಮಂದಿ ಕೂತಿದ್ದಾರೆ. ಭಜನಿ ಮೇಳದ ಅಜ್ಜ ತಂಬೂರಿ ಹಿಡಿದಿದ್ದಾರೆ. ಎದುರುಮನೆಯ ಉಳ್ಳಾಗಡ್ಡಿ ವ್ಯಾಪಾರಿ, ನಿವೃತ್ತ ಮಾಸ್ತರು, ಕೂಸನ್ನು ಮಡಿಲಲ್ಲಿ ಹಾಕಿಕೊಂಡ ಇಬ್ಬರು ಹೆಂಗಸರು, ಹುಡುಗ. ಕಾರ್ಯಕ್ರಮ ಇಪ್ಪತ್ತು ನಿಮಿಷ: ತಂಬೂರಿ, ಥೆರೆಮಿನ್, ತೆರೆದ ಕಿಟಕಿ. ಓಣಿ ಏನು ಕೊಡುತ್ತದೋ ಅದೂ ಸೇರಿ ಸಂಗೀತ. ದೊಡ್ಡ ಊರಿನಲ್ಲಿ ಇದಕ್ಕೆ ಪ್ರಯೋಗ ಎಂಬ ಹೆಸರಿದೆ. 1969ರಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಕೂಡಿಸಿ ಕೊಟ್ಟಾಗ ಗೀತಾ ಸಾರಾಭಾಯಿ ಮೊದಲಾದವರು ಮಾಡಿದ್ದೂ ಇಂಥದ್ದೇ. ಇಲ್ಲಿ ಹೆಸರಿನ ಅಗತ್ಯ ಬಿದ್ದಿಲ್ಲ. "ಏನ್ ಬಾರಸ್ತೀರಿ?" "ಗಾಳಿ." "ಆತು, ಬಾರಸ್ರಿ."

ಮಂದ್ರ ಷಡ್ಜ. ಅಂಗಾಲಿನ ಅಡಿಯ ಶಹಾಬಾದ ಕಲ್ಲು ತಣ್ಣಗಿದೆ. ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ದೊಡ್ಡ ರಸ್ತೆಯಲ್ಲಿ ಹಾದುಹೋಗುತ್ತದೆ, ಅದರ ಸ್ಪೀಕರಿನ ಢಂಕಣ ಗೋಡೆಯನ್ನು ನಡುಗಿಸಿ ದೂರವಾಗುತ್ತದೆ. ನೀವು ಅದರ ಇಳಿಯುವ ದನಿಯ ಜೊತೆ ಕೈ ಇಳಿಸುತ್ತೀರಿ. ಮಾಸ್ತರು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಾರೆ. ರಿಷಭದ ಮೇಲೆ ಒಂದು ನಿಮಿಷ. ಗಾಂಧಾರದ ಮೇಲೆ ಒಂದು. ಬೆನ್ನಿನ ನಡುವೆ ಬೆವರಿನ ಹನಿ ಇಳಿಯುತ್ತಿದೆ, ಒರೆಸಿಕೊಳ್ಳುವ ಹಾಗಿಲ್ಲ.

ಆಗ ಆಜಾನ್. ಇಶಾದ ಕರೆ, ಮೊದಲು ಒಂದು ಮಸೀದಿಯಿಂದ, ಎರಡು ಉಸಿರಿನ ನಂತರ ಇನ್ನೊಂದರಿಂದ. ಎರಡೂ ಕರೆಗಳು ಹೊಳೆಯ ಮೇಲೆ ಸೇರಿಕೊಳ್ಳುತ್ತವೆ. ಆ ಎರಡರ ನಡುವಿನ ಸಣ್ಣ ಸಂದಿನಲ್ಲಿ ನಿಮ್ಮ ಸ್ವರಕ್ಕೆ ಹೇಳಿ ಮಾಡಿಸಿದ ಜಾಗವಿದೆ, ಕಿವಿಗೆ ಕಾಣುತ್ತಿದೆ. ಬೆರಳು ತುಡಿಯುತ್ತದೆ. ಎಡಗೈ ಬಳೆಯ ಮೇಲೆ ಇಳಿಸುತ್ತೀರಿ. ಎಲ್ಲವೂ ನಿಮ್ಮ ಪ್ರಯೋಗದ ಸಾಮಾನಲ್ಲ. ಅಜ್ಜನೂ ತಂತಿಯ ಮೇಲೆ ಅಂಗೈ ಇಟ್ಟಿದ್ದಾರೆ. ಇಬ್ಬರಿಗೂ ಯಾರೂ ಹೇಳಿಕೊಟ್ಟಿದ್ದಲ್ಲ, ಈ ಊರಲ್ಲಿ ಬೆಳೆದ ಕೈ.

ಕರೆ ಮುಗಿಯುತ್ತದೆ. ತಂಬೂರಿ ಮತ್ತೆ. ಮಧ್ಯಮ. ಪಂಚಮಕ್ಕೆ ಬೆರಳು ಬಿಚ್ಚಬೇಕು, ಬಿಚ್ಚುತ್ತಿದ್ದೀರಿ...

ಕರೆಂಟು ಹೋಗುತ್ತದೆ.

ಬಲ್ಬು ಹೋಯಿತು, ಸ್ಪೀಕರು ಸತ್ತಿತು. ಕತ್ತಲಲ್ಲಿ ತಂಬೂರಿ ಮಾತ್ರ ನಡೆದಿದೆ, ಅದಕ್ಕೆ ಯಾವ ಕಂಪನಿಯ ಹಂಗೂ ಇಲ್ಲ. ನಿಮ್ಮ ಪೆಟ್ಟಿಗೆಯ ಸಣ್ಣ ದೀಪ ಇನ್ನೂ ಉರಿಯುತ್ತಿದೆ. ಪವರ್ ಬ್ಯಾಂಕು ಜೀವಂತ. ಅಂದರೆ ನೀವು ಈಗಲೂ ನುಡಿಸುತ್ತಿದ್ದೀರಿ. ಕೈ ಗಾಳಿಯಲ್ಲಿದೆ, ಸ್ವರ ತಂತಿಯಲ್ಲಿದೆ, ಕೇಳಿಸಲು ಬಾಯಿಯಿಲ್ಲ. ಮೈ ಜುಂ ಎನ್ನುತ್ತದೆ.

"ಬ್ಲೂಟೂತ್ ಹಚ್ರಿ," ಎನ್ನುತ್ತಾರೆ ಯಾರೋ. ಬೇಡ. ಬ್ಲೂಟೂತಿನಲ್ಲಿ ದನಿ ಕೈಗಿಂತ ಒಂದು ಗುಟುಕು ತಡವಾಗಿ ಬರುತ್ತದೆ. ಕಿವಿಯೇ ಕಣ್ಣಾಗಿರುವಲ್ಲಿ ಅದು ಕಣ್ಣು ಕಟ್ಟಿದಂತೆ.

ಉಳ್ಳಾಗಡ್ಡಿ ವ್ಯಾಪಾರಿ ಎದ್ದ ಸದ್ದು, ಚಪ್ಪಲಿ, ಅಂಗಳ, ಕೈಗಾಡಿಯ ಕಿರುಗುಟ್ಟು. ತಿರುಗಿ ಬಂದಾಗ ಅವನ ಕೈಯಲ್ಲಿ ದಿನವಿಡೀ ಓಣಿ ಓಣಿ ಕೂಗುವ ಬ್ಯಾಟರಿ ಪೆಟ್ಟಿಗೆ. ಗುಂಡಿ ಒತ್ತಿದ. "ಉಳ್ಳಾಗಡ್ಡೀ! ಉಳ್ಳಾಗಡ್ಡಿ ಬಟಾಟಿ!" ಕೂಸು ಚೀರಿತು, ಹುಡುಗ ಬಿದ್ದು ಬಿದ್ದು ನಕ್ಕ, ಅಜ್ಜನ ಬೆರಳು ಒಂದು ಕ್ಷಣವೂ ತಪ್ಪಲಿಲ್ಲ. ಪೆನ್‌ಡ್ರೈವ್ ಕಿತ್ತಿರಿ. ಆಂಪ್ಲಿಫೈಯರಿನಿಂದ ತಂತಿ ಕಿತ್ತು ಇದಕ್ಕೆ ಸಿಕ್ಕಿಸಿದಿರಿ. ಎಡಗೈ ಎತ್ತಿದಿರಿ.

ಪಂಚಮ ಇಲ್ಲ.

ಷಡ್ಜವೂ ಇಲ್ಲ. ಇಡೀ ಸ್ವರಲೋಕ ಕುಗ್ಗಿ ಸರಳಿನ ಬುಡಕ್ಕೆ ಮುದ್ದೆಯಾಗಿದೆ. ಕೈ ಒಂದಿಂಚು ಆಡಿದರೆ ಸಪ್ತಕವೇ ಹಾರುತ್ತದೆ. ಸ್ಪೀಕರಿನ ತಂತಿ ಕಾಲಿಗೆ ತಾಗಿದರೆ ಅದಕ್ಕೂ ಅರಚುತ್ತದೆ. ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗಿ ತಿಳಿಯುತ್ತದೆ: ಕಿತ್ತದ್ದು ಬರೀ ದನಿಯ ತಂತಿಯಲ್ಲ, ನೆಲದ ತಂತಿ. ಪೆಟ್ಟಿಗೆ ಈಗ ಬೇರಿಲ್ಲದೆ ತೇಲುತ್ತಿದೆ.

ನೆಲ ಎಲ್ಲಿದೆ? ಮನೆಯ ಅರ್ಥಿಂಗ್ ಕುಣಿ ಹಿತ್ತಲಿನ ಮೂಲೆಯಲ್ಲಿ, ಉಪ್ಪು ಇದ್ದಲು ಹಾಕಿ ಹೂತದ್ದು. ಅದರ ತಂತಿಗೆ ನಿಮ್ಮದನ್ನು ಸುತ್ತಿದರೆ ಆಯಿತು. ಆದರೆ ಹಳೆಯ ಮನೆ, ಎಷ್ಟೋ ಕೈ ಆಡಿದ ವೈರಿಂಗ್. ಯಾರೋ ಪುಣ್ಯಾತ್ಮ ನ್ಯೂಟ್ರಲ್ಲನ್ನು ಅದಕ್ಕೇ ಕೂಡಿಸಿದ್ದರೆ? ಟೆಸ್ಟರ್ ಹಚ್ಚಿ ನೋಡಬಹುದು. ಕರೆಂಟಿಲ್ಲದಾಗ ಟೆಸ್ಟರಿಗೆ ಎಲ್ಲ ತಂತಿಯೂ ಸಾಧು. ಸುತ್ತುತ್ತಿರುವಾಗಲೇ ಕರೆಂಟು ಬಂದರೆ ಗೊತ್ತಾಗುತ್ತದೆ, ಬೆರಳಿಗೆ. ಆ ಮೊದಲ ದಿನದ ಇರುವೆ ಸಾಲು ನೆನಪಾಗಿ ಕೈ ತಾನಾಗಿ ಹಿಂದಕ್ಕೆ ಬರುತ್ತದೆ.

"ಬೋರಿಂಗ್ ಐತಲ್ರೀ," ಎನ್ನುತ್ತಾನೆ ಹುಡುಗ.

ಹಿತ್ತಲ ಬಾಗಿಲಾಚೆಯ ಕೈಪಂಪು. ಅದರ ಕಬ್ಬಿಣದ ಕೊಳವೆ ನೇರ ಹೊಳೆಯ ಒರತೆಗೆ ಇಳಿದಿದೆ, ಯಾವ ಮಿಸ್ತ್ರಿಯೂ ಅದಕ್ಕೆ ಏನೂ ಕೂಡಿಸಿಲ್ಲ. ತಾಮ್ರದ ತಂತಿಯ ಸುರುಳಿ ಬಿಚ್ಚುತ್ತಾ ಕತ್ತಲಲ್ಲಿ ನಡೆಯುತ್ತೀರಿ, ಬರಿಗಾಲಿಗೆ ಪಾಚಿಯ ಜಾರು. ಅಡುಗೆಮನೆಯ ಈಳಿಗೆಯ ಬೆನ್ನಿನಿಂದ ಕೊಳವೆಯನ್ನು ಕೆರೆಯಿರಿ. ತುಕ್ಕು ಹಪ್ಪಳದಂತೆ ಏಳುತ್ತದೆ, ಅದರಡಿ ಹಸಿರು ಪೇಂಟು, ಅದರಡಿ ಇನ್ನೊಂದು ತುಕ್ಕು. ಇನ್ನೂ ಕೆರೆಯಿರಿ. ಹುಡುಗ ಹಿಡಿದ ಮೊಬೈಲ್ ಬೆಳಕಿನಲ್ಲಿ ಒಂದು ಬೆರಳುಗುರಿನಷ್ಟು ಬೆಳ್ಳಗೆ ಹೊಳೆಯಿತು. ಅಲ್ಲಿ ಬರಿ ತಾಮ್ರ, ಏಳು ಸುತ್ತು, ಇಕ್ಕಳದಿಂದ ಒಂದು ತಿರುವು. ನಾಲಗೆಗೆ ಕಬ್ಬಿಣದ ರುಚಿ, ಮೂಗಿಗೂ. ಒಳಗಿನಿಂದ ತಂಬೂರಿ ಕೇಳುತ್ತಲೇ ಇದೆ.

ಪೆಟ್ಟಿಗೆಗೆ ತಂತಿಯ ಇನ್ನೊಂದು ತುದಿ. ಗುಂಡಿ ಒತ್ತಿ, ದೂರ ನಿಂತು, ಅದು ತನ್ನನ್ನು ತಾನು ಹೊಂದಿಸಿಕೊಳ್ಳುವ ತನಕ ಉಸಿರು ಬಿಗಿಹಿಡಿದು ಕಾಯಿರಿ. ಈಗ ಬನ್ನಿ. ಎಡಗೈ.

ಬಂತು. ಸ್ವರಲೋಕ ಮತ್ತೆ ಅಗಲವಾಗಿದೆ, ಮೊದಲಿಗಿಂತ ಅಗಲ. ಪಂಚಮ ಎಲ್ಲಿತ್ತೋ ಅಲ್ಲಿಲ್ಲ, ಒಂದು ಗೇಣು ನಿಮ್ಮ ಕಡೆಗೇ ಸರಿದಿದೆ. ಆರು ತಿಂಗಳು ಭುಜ ಕಲಿತ ಅಳತೆ ನೀರಿಗೆ ಹೋಯಿತು. ಕತ್ತಲಲ್ಲಿ ಸರಳೂ ಕಾಣುವುದಿಲ್ಲ. ಕೈ ಬಿಟ್ಟು ಕಿವಿಯನ್ನು ಮುಂದೆ ಕಳಿಸುತ್ತೀರಿ, ಅದು ಹೋದಲ್ಲಿಗೆ ಕೈ ಹೋಗುತ್ತದೆ. ತಂಬೂರಿಯ ಮೊದಲ ತಂತಿಯೊಳಗೆ ನಿಮ್ಮ ದನಿ ಕರಗಿ, ಯಾವುದು ಬುರುಡೆಯದು, ಯಾವುದು ಪೆಟ್ಟಿಗೆಯದು ಎಂದು ತಿಳಿಯದಾಗುತ್ತದೆ. ಅಗ್ಗದ ಸ್ಪೀಕರು ಅಂಚಿನಲ್ಲಿ ಚೂರು ಒಡೆದು ಕೂಗುತ್ತಿದೆ, ಶಹನಾಯಿಯ ಗರಗಸ ಬಂದಂತೆ. ಆಂಪ್ಲಿಫೈಯರಿನಲ್ಲಿ ಇದು ಇರಲಿಲ್ಲ. ಇರಲಿ, ಒಳ್ಳೆಯದೇ.

ಸೇತುವೆಯ ಮೇಲೆ ಗಾಡಿ. ಮೊದಲು ಕಬ್ಬಿಣದ ಧಡಧಡ ಅಂಗಾಲಿಗೆ, ಆಮೇಲೆ ಹಾರ್ನು, ಉದ್ದಕ್ಕೆ, ಹೊಳೆಯ ಮೇಲಿಂದ. ಅದರ ಸ್ವರ ಪಂಚಮಕ್ಕಿಂತ ಕೂದಲೆಳೆ ಮೇಲೆ. ಎರಡೂ ತಿಕ್ಕಿ ಕಿವಿಯೊಳಗೆ ವ್ಹಾ-ವ್ಹಾ-ವ್ಹಾ ಎಂದು ಅಲೆ ಏಳುತ್ತದೆ. ಪೆಟ್ಟಿಗೆಯೊಳಗೆ ಲಕ್ಷಗಳಲ್ಲಿ ನಡೆಯುವ ಆಟ ಪಡಸಾಲೆಯ ಗಾಳಿಯಲ್ಲಿ ನಡೆಯುತ್ತಿದೆ. ತಂಬೂರಿಯ ಜೊತೆ ನಿಲ್ಲಬೇಕೆ, ಗಾಡಿಯ ಹಿಂದೆ ಹೋಗಬೇಕೆ? ಯೋಚಿಸಲು ಸಮಯವಿಲ್ಲ. ಬೆರಳು ಸರಳಿನ ಕಡೆ ಅಕ್ಕಿಕಾಳಿನಷ್ಟು. ಅಲೆ ನಿಧಾನವಾಯಿತು. ಇನ್ನರ್ಧ ಕಾಳು. ವ್ಹಾ... ವ್ಹಾ... ಇನ್ನೂ ನಿಧಾನ. ಒಂದು ಉಸಿರಿನ ಹೊತ್ತು ಅಲೆ ಪೂರ್ತಿ ನಿಂತಿತು. ಗಾಡಿಯೂ ನೀವೂ ಒಂದೇ ದನಿ. ಕುತ್ತಿಗೆಯ ಹಿಂದೆ ಕೂದಲು ನಿಮಿರಿದವು.

ಹಾರ್ನು ನಿಂತಿತು. ಗಾಡಿ ಸ್ಟೇಷನ್ನಿನ ಕಡೆ ಸರಿಯಿತು. ನೀವು ಮಾ‌ತ್ರ ಅದರ ಸ್ವರದ ಮೇಲೆ ಒಬ್ಬರೇ ನಿಂತಿದ್ದೀರಿ, ತಂಬೂರಿಗೆ ಹೊರಗಾಗಿ, ಕೈ ಗಾಳಿಯಲ್ಲಿ.

ಅಜ್ಜ ಬಾಗಿದ ಕುತ್ತಿಗೆ ಎತ್ತುವುದಿಲ್ಲ, ಬೆರಳೂ ನಿಲ್ಲಿಸುವುದಿಲ್ಲ. "ಗಾಡಿ ಹೋತು," ಎನ್ನುತ್ತಾರೆ. "ನೀವ್ ಬರ್ರಿ."